ಯಜಮಾನರ ಕಿರೀಟ, ಸಾಬರ ಕುದುರೆ

ಕೋಲಾರ: ಟಾಕೀಸಿನ ಗೇಟು

ಕುದುರೆ ಟಾಕೀಸಿನ ಮುಂದೆ ನಿಂತಿತು. ಕದಲಲಿಲ್ಲ.

ಜಟಕಾದ ಎರಡು ಪಕ್ಕಕ್ಕೂ ನಾಟಕದ ಬೋರ್ಡು ಕಟ್ಟಿದ್ದೆವು. ಒಳಗೆ ನಾನು, ಮೈಕು, ಬ್ಯಾಟರಿ, ಕರಪತ್ರದ ಕಟ್ಟು. "ಮಹಾಜನರೇ, ಇಂದು ಸಂಜೆ ನಾಟಕಕ್ಕೆ ತಪ್ಪದೆ ಬನ್ನಿ" ಎಂದು ಬೀದಿ ಬೀದಿ ಕೂಗಿ ಗಂಟಲು ಕಟ್ಟಿತ್ತು. ಜನ ಹಿಂದೆ ಬರುತ್ತಿದ್ದರು. ಕೆಲವರು ಕರಪತ್ರಕ್ಕೆ, ಕೆಲವರು ಬೇರೆ ಕೆಲಸವಿಲ್ಲದ್ದಕ್ಕೆ. ನಾಟಕದ ಡೇರೆ ಇದ್ದದ್ದು ಬಸ್ ಸ್ಟ್ಯಾಂಡಿನ ಆಚೆ ಮೈದಾನದಲ್ಲಿ. ಕುದುರೆ ನಿಂತದ್ದು ಇಲ್ಲಿ.

"ಏನು ಸಾಬರೇ ಇದು?" ಎಂದು ಜಟಕಾ ಹೊಡೆಯುತ್ತಿದ್ದ ಸಾಬರನ್ನು ಕೇಳಿದೆ.

"ಹಿಂದೆ ಇದು ಟಾಕೀಸ್ ಗಾಡಿ ಎಳೀತಿತ್ತು ಪೇಪರ್ ಸಾಬ್. ಊರೆಲ್ಲಾ ಸಿನಿಮಾ ಸಾರಿ ಕೊನೇಗೆ ಇಲ್ಲಿ ನಿಲ್ಲಿಸ್ತಿದ್ದೆ. ಟಿಕೆಟ್ ಕೊಡೋನು ಹುರುಳಿ ಹಾಕ್ತಿದ್ದ. ಮೈಕ್ ಕೂಗಿದ್ರೆ ಟಾಕೀಸು, ಟಾಕೀಸು ಬಂದ್ರೆ ಹುರುಳಿ. ಇದಕ್ಕೆ ಗೊತ್ತಿರೋದು ಅಷ್ಟೇ."

"ಹೊಡೆದು ಹೊರಡಿಸಿ."

"ಹೊಡೆದ್ರೆ ಹಿಂದಕ್ಕೆ ನಡೀತದೆ ಸಾಬ್. ಗೇಟ್ ಒಳಗೇ ಹೋಗ್ತದೆ."

ಹಿಂದೆ ಬಂದ ಜನ ಸ್ವಲ್ಪ ಹೊತ್ತು ಕುದುರೆಯನ್ನು ನೋಡಿದರು. ಆಮೇಲೆ ಟಾಕೀಸಿನ ಬೋರ್ಡು ನೋಡಿದರು. ಆಮೇಲೆ ಟಿಕೆಟ್ ತೆಗೆದುಕೊಂಡು ಒಳಗೆ ಹೋದರು.

ಟಾಕೀಸಿನ ಮ್ಯಾನೇಜರು ಹೊರಗೆ ಬಂದು ನನ್ನ ಕೈ ಕುಲುಕಿದ.

"ತುಂಬಾ ಉಪಕಾರ ಆಯ್ತು ಸಾರ್. ನಾಳೇನೂ ಬನ್ನಿ."

ಕೋಲಾರ: ವಿಮರ್ಶೆ

ಎಪ್ಪತ್ತರ ದಶಕದ ಕೊನೆಯ ಮಾತು ಇದು. ನಾನು ಕೋಲಾರದಲ್ಲಿ ಒಂದು ವಾರಪತ್ರಿಕೆ ತರುತ್ತಿದ್ದೆ. ಸಂಪಾದಕ ನಾನೇ, ವರದಿಗಾರ ನಾನೇ, ಅಂಚೆ ಚೀಟಿ ಅಂಟಿಸುವವನೂ ನಾನೇ. ಜಿಲ್ಲೆಯಲ್ಲಿ ಎಲ್ಲಿ ನಾಟಕವಾದರೂ ಹೋಗಿ ನೋಡಿ ಬರೆಯುತ್ತಿದ್ದೆ. ನನಗಿದ್ದ ಚಟ ಅದೊಂದೇ.

ಆ ವರ್ಷ ಬಂದ ಕಂಪನಿಯ ಯಜಮಾನರು ತುಮಕೂರು ಕಡೆಯವರು. ಆಡುತ್ತಿದ್ದದ್ದು ಒಬ್ಬ ರಾಜ ರಾಜ್ಯ ಕಳೆದುಕೊಂಡು ಮತ್ತೆ ಪಡೆಯುವ ಕತೆ. ರಾಜ ಯಜಮಾನರೇ. ರಾಣಿ ಅವರ ಹೆಂಡತಿ. ಕಂಪನಿಯವರೆಲ್ಲ ಅವರನ್ನು ಅಮ್ಮಾವ್ರು ಅನ್ನುತ್ತಿದ್ದರು. ಯಜಮಾನರೂ ಹಾಗೇ ಅನ್ನುತ್ತಿದ್ದರು.

ಬಂದ ದಿನವೇ ಯಜಮಾನರು ನನ್ನ ಆಫೀಸಿಗೆ ಬಂದು ಕೂತರು.

"ಎಲ್ಲಾ ಕಡೆ ಸಿನಿಮಾ ಸಾರ್. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ. ಈ ನಾಲ್ಕು ಕ್ಯಾಂಪು ನೋಡ್ತೀನಿ. ಜನ ಬರಲಿಲ್ಲ ಅಂದ್ರೆ ಕಿರೀಟ ಪೆಟ್ಟಿಗೆಗೆ ಹಾಕಿ ತಮ್ಮನ ದಿನಸಿ ಅಂಗಡೀಲಿ ಬೆಲ್ಲ ತೂಗೋಕೆ ಹೋಗ್ತೀನಿ."

"ತಮ್ಮ ಒಪ್ಪಿದ್ದಾರಾ?"

"ಅವ್ನು ಆಗ್ಲೇ ತಕ್ಕಡಿ ತೊಳೆದಿಟ್ಟವ್ನೆ."

ಆ ಮನುಷ್ಯ ತಕ್ಕಡಿ ಹಿಡಿಯುವುದನ್ನು ನೆನೆಸಿಕೊಂಡೆ. ಸರಿ ಕಾಣಲಿಲ್ಲ. ಸಾರುವ ಕೆಲಸವನ್ನೂ ಒಪ್ಪಿಕೊಂಡೆ.

ಆದರೆ ಸಾರುವುದು ಬೇರೆ, ಬರೆಯುವುದು ಬೇರೆ. ನಾಟಕದಲ್ಲಿ ರಾಜ ರಾಣಿಯ ಮುಂದೆ ಮಂಡಿಯೂರಿ ಕ್ಷಮೆ ಕೇಳುವ ದೃಶ್ಯವಿತ್ತು. ಯಜಮಾನರಿಗೆ ಮಂಡಿ ನೋವು. ಕೂತರು, ಏಳಲಾಗಲಿಲ್ಲ. ಇಬ್ಬರು ಸೈನಿಕರು ಬಂದು ಎಬ್ಬಿಸಿದರು. ಆ ದೃಶ್ಯ ರಾಣಿಯ ಅಂತಃಪುರದಲ್ಲಿ ನಡೆಯುವಂಥದ್ದು. ಸೈನಿಕರಿಗೆ ಅಲ್ಲಿ ಕೆಲಸವಿಲ್ಲ. ನಾನು ನೋಡಿದ್ದನ್ನು ನೋಡಿದ ಹಾಗೇ ಬರೆದೆ.

ಪತ್ರಿಕೆ ಬಂದ ಮರುದಿನ ಬೆಳಿಗ್ಗೆ ಯಜಮಾನರು ಬಾಗಿಲಲ್ಲಿ ನಿಂತಿದ್ದರು. ಜಗಳಕ್ಕೆ ಬಂದರೆಂದು ಎದ್ದು ನಿಂತೆ.

"ನೆನ್ನೆ ಜನ ಜಾಸ್ತಿ ಬಂದಿದ್ರು ಸಾರ್."

"ಯಾಕೆ?"

"ನಾನು ಏಳ್ತೀನೋ ಇಲ್ವೋ ನೋಡೋಕೆ. ಇನ್ನೊಂದು ಸಲ ಬರೀರಿ."

ಬರೆದೆ. ಮುಂದಿನ ವಾರದ ಪತ್ರಿಕೆ ಬಂದ ಸಂಜೆ ಡೇರೆ ಮುಕ್ಕಾಲು ತುಂಬಿತು. ಏಳುತ್ತಾನೆ ಅನ್ನುವವರು ಒಂದು ಕಡೆ, ಏಳುವುದಿಲ್ಲ ಅನ್ನುವವರು ಇನ್ನೊಂದು ಕಡೆ ಕೂತಿದ್ದರು. ಯಜಮಾನರಿಗೂ ಮಾನದ ಪ್ರಶ್ನೆ. ಮಂಡಿಗೆ ಎಣ್ಣೆ ತಿಕ್ಕಿಸಿಕೊಂಡು ಬಂದಿದ್ದರು. ಕೂತರು. ಕ್ಷಮೆ ಕೇಳಿದರು. ಹಲ್ಲು ಕಚ್ಚಿ ಒಬ್ಬರೇ ಎದ್ದು ನಿಂತರು.

ಹಿಂದಿನ ಬೆಂಚಿನಿಂದ ಯಾರೋ "ಮೋಸ!" ಎಂದ. ಮುಂದಿನ ಬೆಂಚಿನವರು "ಒನ್ಸ್ ಮೋರ್!" ಎಂದರು.

ಕಂಪನಿ ನಾಟಕದಲ್ಲಿ ಒನ್ಸ್ ಮೋರ್ ಬಂದರೆ ಇಲ್ಲ ಅನ್ನುವ ಹಾಗಿಲ್ಲ. ಯಜಮಾನರು ಮತ್ತೆ ಕೂತರು. ಈ ಸಲ ಏಳಲಿಲ್ಲ. ಎರಡು ಕಡೆಯವರೂ ಖುಷಿಯಾಗಿ ಮನೆಗೆ ಹೋದರು.

ಮಾಲೂರು: ಬೆಲ್ಲ

ಸಾಬರೂ ಜಟಕಾ ಸಮೇತ ಕಂಪನಿಯ ಜೊತೆ ಹೊರಟರು. ಮಾಲೂರು ಬೇರೆ ಊರು, ಅಲ್ಲಿನ ಟಾಕೀಸು ಕುದುರೆಗೆ ಗೊತ್ತಿಲ್ಲ ಎಂದು ನಾವು ನಂಬಿದ್ದೆವು. ಆದರೆ ಸಿನಿಮಾ ಶುರುವಾಗುವ ಮುಂಚೆ ಟಾಕೀಸಿನ ಮೇಲೆ ದೇವರ ಹಾಡು ಹಾಕುತ್ತಾರಲ್ಲ, ಅದು ಕಿವಿಗೆ ಬಿತ್ತು. ಕುದುರೆ ಕಿವಿ ನಿಮಿರಿಸಿ ಅತ್ತ ನಡೆಯಿತು. ಮಾಲೂರಿನ ಟಾಕೀಸಿನವರೂ ನನಗೆ ಟೀ ಕೊಟ್ಟರು.

ಯಜಮಾನರು ಯೋಚನೆ ಮಾಡಿದರು.

"ಅವರು ಹುರುಳಿ ಹಾಕಿದ್ರೆ ನಾವು ಹುರುಳಿ ಜೊತೆ ಬೆಲ್ಲ ಹಾಕೋಣ. ತಮ್ಮನ ಅಂಗಡೀಲಿ ತೂಗೋ ಬದಲು ಇಲ್ಲಿ ತಿನ್ನಿಸೋಣ."

ಆವತ್ತಿನಿಂದ ದಿನಾ ಸಂಜೆ ಸಾರಿ ಬಂದ ಮೇಲೆ ಡೇರೆಯ ಬಾಗಿಲಲ್ಲಿ ಯಜಮಾನರೇ ಕುದುರೆಗೆ ತಿನ್ನಿಸುತ್ತಿದ್ದರು. ಆ ಹೊತ್ತಿಗೆ ಅವರು ವೇಷ ಕಟ್ಟಿರುತ್ತಿದ್ದರು. ಕಿರೀಟ, ಮೀಸೆ, ಜರಿಯ ಅಂಗಿ, ಕೈಯಲ್ಲಿ ಬಕೆಟ್ಟು. ನೋಡಲು ಹೋಗಿಬರುವವರು ನಿಲ್ಲುತ್ತಿದ್ದರು. ಕುದುರೆ ಬೇಗ ಕಲಿಯಿತು. ದೇವರ ಹಾಡು ಕೇಳಿದರೂ ತಲೆ ಎತ್ತಲಿಲ್ಲ. ಮೈಕು ಕೂಗಿದರೆ ಡೇರೆಗೆ ಬರತೊಡಗಿತು.

ಒಂದು ದಿನ ಬೆಳಿಗ್ಗೆ ಯಜಮಾನರು ಪ್ರೀತಿಯಿಂದ ಬೆಲ್ಲದ ಉಂಡೆ ಹಿಡಿದು ಹೋದರು. ಲುಂಗಿ, ಬನಿಯನ್ನು. ಕುದುರೆ ಮುಖ ತಿರುಗಿಸಿತು. ಇನ್ನೊಂದು ಪಕ್ಕಕ್ಕೆ ಹೋದರು. ಹಿಂಗಾಲು ಎತ್ತಿತು.

"ನನ್ನ ಗುರುತೇ ಸಿಗ್ತಿಲ್ವಲ್ಲ ಇದಕ್ಕೆ" ಎಂದು ಯಜಮಾನರು ನೊಂದುಕೊಂಡರು.

ಅಮ್ಮಾವ್ರು ಪಾತ್ರೆ ತೊಳೆಯುತ್ತಿದ್ದರು. ತಲೆ ಎತ್ತಲಿಲ್ಲ.

"ಕಿರೀಟ ಇಲ್ದೇ ಇದ್ರೆ ನಾನೇ ಗುರುತು ಹಿಡಿಯಲ್ಲ. ಅದು ಪಾಪ, ಮೂಕಪ್ರಾಣಿ."

ಮಾಲೂರು: ಒಂದು ಮಾತಿನ ಪಾತ್ರ

ಕುದುರೆ ಸರಿಹೋಯಿತು. ಜನ ಸರಿಹೋಗಲಿಲ್ಲ. ಕುದುರೆಯ ಹಿಂದೆ ಬಂದವರು ಬೆಲ್ಲ ತಿನ್ನಿಸುವುದನ್ನು ನೋಡಿ ವಾಪಸ್ ಹೋಗುತ್ತಿದ್ದರು. ಅದಕ್ಕೆ ಟಿಕೆಟ್ ಇರಲಿಲ್ಲ.

ನಾನು ಒಂದು ಉಪಾಯ ಹೇಳಿದೆ. ನಮ್ಮ ಕಡೆ ಹಳ್ಳಿಯಲ್ಲಿ ಯಾರಾದರೂ ಬಣ್ಣ ಹಚ್ಚಿದರೆ ನೆಂಟರೆಲ್ಲ ಬಂದು ರಂಗದ ಮೇಲೇ ಹಾರ ಹಾಕುತ್ತಾರೆ. ಸ್ಥಳೀಯರಿಗೆ ಒಂದು ಪಾತ್ರ ಕೊಟ್ಟರೆ ಒಂದು ವಂಶ ಬರುತ್ತದೆ. ಲಕ್ಕೂರಿನ ಒಬ್ಬ ರೈತನಿಗೆ ನಾಟಕದ ಹುಚ್ಚು. ಆತನಿಗೆ ದೂತನ ಪಾತ್ರ ಕೊಟ್ಟೆವು. ಮಾತು ಒಂದೇ. ರಾಜ "ಯಾರು ಬಂದಿದ್ದಾರೆ?" ಎಂದು ಕೇಳಬೇಕು. ದೂತ "ಕೋಟೆಯ ಬಾಗಿಲಿಗೆ ಶತ್ರುಗಳು ಬಂದಿದ್ದಾರೆ ಪ್ರಭು" ಅನ್ನಬೇಕು. ವಾರವಿಡೀ ಆತ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತ ಇದನ್ನೇ ಹೇಳಿಕೊಂಡನಂತೆ. ಹಟ್ಟಿಯ ದನಗಳಿಗೂ ಬಾಯಿಪಾಠವಾಗಿತ್ತಂತೆ.

ಲಕ್ಕೂರಿನಿಂದ ಟ್ರ್ಯಾಕ್ಟರಿನಲ್ಲಿ ಜನ ಬಂದರು. ಡೇರೆ ತುಂಬಿತು. ದೂತ ರಂಗಕ್ಕೆ ಬಂದ. ಬಾಯಿ ತೆರೆಯುವ ಮೊದಲೇ ಚಿಕ್ಕಪ್ಪ ಮೇಲೆ ಹತ್ತಿ ಹಾರ ಹಾಕಿದ. ಆಮೇಲೆ ದೊಡ್ಡಪ್ಪ. ಆಮೇಲೆ ಅಣ್ಣ, ತಮ್ಮ, ಷಡ್ಡಕ, ಪಕ್ಕದ ಹೊಲದವನು. ಸೇವಂತಿಗೆ ಹಾರ ಮೂಗಿನವರೆಗೆ ಬಂತು, ಆಮೇಲೆ ಕಣ್ಣು ಮುಚ್ಚಿತು. ರಾಜ ಸಿಂಹಾಸನದಲ್ಲಿ ಕಾದ. ರಾಜನಿಗೆ ಒಂದು ಎಳೆ ಹೂವಿಲ್ಲ.

ಕೊನೆಗೆ ರಾಜ ಸಿಡುಕಿನಲ್ಲಿ ಕೇಳಿದ: "ಯಾರು ಬಂದಿದ್ದಾರೆ?"

ಹೂವಿನ ಒಳಗಿನಿಂದ ದನಿ ಬಂತು.

"ಎಲ್ಲಾರೂ ಬಂದವ್ರೆ ಪ್ರಭು. ನಮ್ ಮಾವ ಒಬ್ರೇ ಬಂದಿಲ್ಲ."

ಮುಳಬಾಗಿಲು: ರಾಜ್ಯಭಾರ

ಒಂದು ಸಂಜೆ ಕುರುಡುಮಲೆಗೆ ಹೋಗಿ ಸಾರಿ ಬರುವುದು ತಡವಾಯಿತು. ಅಲ್ಲಿ ಗಣೇಶನಿಗೆ ಕಾಯಿ ಒಡೆಸದೆ ಬರಲು ಸಾಬರೇ ಬಿಡಲಿಲ್ಲ. "ದೊಡ್ಡ ಯಜಮಾನ್ರಿಗೆ ಹೇಳ್ದೆ ಹೋದ್ರೆ ಚಿಕ್ಕ ಯಜಮಾನ್ರ ಕೆಲಸ ಆಗಲ್ಲ ಸಾಬ್" ಎಂದರು. ನಾವು ಡೇರೆಗೆ ಬರುವ ಹೊತ್ತಿಗೆ ನಾಟಕ ಶುರುವಾಗಿತ್ತು. ಒಳಗೆ ರಾಜ ನ್ಯಾಯ ಹೇಳುತ್ತಿದ್ದ.

ಸಾಬರು ಬಕೆಟ್ಟು ಹಿಡಿದರು. ಕುದುರೆ ಮುಟ್ಟಲಿಲ್ಲ. ಕಿರೀಟ ಕಾಣದೆ ಕೆನೆಯಿತು. ಮತ್ತೆ ಕೆನೆಯಿತು. ಒಳಗೆ ನ್ಯಾಯ ನಿಂತಿತು.

ಯಜಮಾನರು ಸಿಂಹಾಸನದಿಂದ ಎದ್ದರು.

"ಮಂತ್ರಿಗಳೇ, ಸ್ವಲ್ಪ ಹೊತ್ತು ರಾಜ್ಯ ನೋಡ್ಕೊಳ್ಳಿ. ಹಸಿದವರು ಬಾಗಿಲಿಗೆ ಬಂದಿದ್ದಾರೆ."

ಜನರ ನಡುವೆಯೇ ಇಳಿದು ಬಂದು ಬೆಲ್ಲ ತಿನ್ನಿಸಿ, ಕೈ ಒರೆಸಿಕೊಂಡು ವಾಪಸ್ ಹೋಗಿ ಕೂತರು. ಭಾರಿ ಚಪ್ಪಾಳೆ. ಎಂಥ ಪ್ರಜಾವತ್ಸಲ ದೊರೆ ಎಂದು ಮುದುಕಿಯೊಬ್ಬಳು ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ಮಂತ್ರಿ ಅಪರಾಧಿಯನ್ನು ಬಿಟ್ಟು ಕಳಿಸಿದ್ದ. ಮುಂದಿನ ಅಂಕಕ್ಕೆ ಖಳನಾಯಕ ಇರಲಿಲ್ಲ. ಬೀಡಿ ಸೇದಲು ಹೋದವನನ್ನು ಹುಡುಕಿ ತಂದೆವು.

ಮುಳಬಾಗಿಲು: ತೆಲುಗು ಪದ್ಯ

ಮುಳಬಾಗಿಲಿನಲ್ಲಿ ಕನ್ನಡ ನಾಟಕ ಆದರೂ ತೆಲುಗಿನ ಪದ್ಯ ಒಂದಾದರೂ ಬೇಕು. ಜನ ಎದ್ದು ನಿಂತು ಕೇಳುತ್ತಾರೆ. "ತೆಲುಗುಲೋ ಒಕ ಪದ್ಯಂ ಪಾಡಂಡಿ ಸಾಮೀ!" ಯಜಮಾನರಿಗೆ ತೆಲುಗು ಒಂದಕ್ಷರ ಬಾರದು. ಅಮ್ಮಾವ್ರು ಚಿಂತಾಮಣಿ ಕಡೆಯವರು, ಚೆನ್ನಾಗಿ ಬರುತ್ತಿತ್ತು. ಆದರೆ ಹೆಂಡತಿಯನ್ನು ಕೇಳಲು ಯಜಮಾನರು ಒಪ್ಪಲಿಲ್ಲ.

"ಪ್ರೇಮದ ಮಾತು ಅಮ್ಮಾವ್ರಿಗೇ ಹೇಳ್ಬೇಕಾಗಿರೋದು ಸಾರ್. ಅವರ ಹತ್ರಾನೇ ಹೇಳಿಸ್ಕೊಂಡ್ರೆ ಚೆನ್ನಾಗಿರಲ್ಲ."

ತೆಲುಗು ಬಲ್ಲ ಸಾಬರನ್ನು ಹಿಡಿದರು. "ಹೆಂಗಸರ ಹತ್ರ ಮರ್ಯಾದೆಯಾಗಿ ಹೇಳೋ ಮಾತು ಒಂದು ಹೇಳ್ಕೊಡಿ ಸಾಬರೇ."

ಸಾಬರು ಗಡ್ಡ ಕೆರೆದುಕೊಂಡು ಒಂದು ಸಾಲು ಹೇಳಿದರು. ಯಜಮಾನರು ಅದಕ್ಕೆ ಕಾಂಬೋಧಿ ರಾಗ ಹಾಕಿದರು. ಹಾರ್ಮೋನಿಯಂ ಮೇಷ್ಟ್ರೂ ಮೆಚ್ಚಿದರು. ಅರ್ಥ ಯಾರೂ ಕೇಳಲಿಲ್ಲ.

ಆ ಸಂಜೆ ಉದ್ಯಾನವನದ ದೃಶ್ಯ. ರಾಣಿ ಕಲ್ಲುಬೆಂಚಿನ ಮೇಲೆ ಕೂತಿದ್ದಾಳೆ. ರಾಜ ಎದೆಯ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ಆಲಾಪ ಮಾಡಿ ಹಾಡಿದ:

"ಮುಂದರಿಕಿ ಜರಗಮ್ಮಾ, ಎನಕ ಬರುವು ಎಕ್ಕುವೈಂದಿ..."

ಅಂದರೆ, ಸ್ವಲ್ಪ ಮುಂದಕ್ಕೆ ಜರುಗಮ್ಮಾ, ಹಿಂದೆ ಭಾರ ಜಾಸ್ತಿಯಾಗಿದೆ. ಜಟಕಾದವರು ದಿನಾ ಹೇಳುವ ಮಾತು.

ಡೇರೆ ಹಾರಿಹೋಗುವಷ್ಟು ನಗು. ಒನ್ಸ್ ಮೋರ್ ಮೇಲೆ ಒನ್ಸ್ ಮೋರ್. ಯಜಮಾನರಿಗೆ ಆನಂದ. ಪ್ರತಿ ಸಲವೂ ಇನ್ನಷ್ಟು ಎಳೆದು ಹಾಡಿದರು. ಅಮ್ಮಾವ್ರು ಸಹಿಸಿದರು. ಕೊನೆಗೆ ಅದೇ ರಾಗದಲ್ಲಿ, ಅದೇ ಶ್ರುತಿಯಲ್ಲಿ ಉತ್ತರ ಕೊಟ್ಟರು:

"ಮೀರು ದಿಗಿತೇ ಚಾಲು, ಅಂತಾ ಸರಿಪೋತುಂದಿ..."

ನೀವು ಇಳಿದರೆ ಸಾಕು, ಎಲ್ಲಾ ಸರಿಹೋಗುತ್ತದೆ.

ಆಮೇಲೆ ನಾನು ಸಾಬರನ್ನು ಬೈದೆ. ಅವರು ಮುಖ ಸಪ್ಪೆ ಮಾಡಿಕೊಂಡರು.

"ಹೆಂಗಸರಿಗೆ ನಾನು ದಿನಾ ಹೇಳೋದು ಅದೊಂದೇ ಮಾತು ಸಾಬ್. ಇಲ್ಲೀವರ್ಗೂ ಯಾರೂ ಬೇಜಾರ್ ಮಾಡ್ಕೊಂಡಿಲ್ಲ."

ಶ್ರೀನಿವಾಸಪುರ: ಟವೆಲಿನ ಕೆಳಗೆ

ಶ್ರೀನಿವಾಸಪುರಕ್ಕೆ ಹೋದದ್ದು ಮಾವಿನ ಸುಗ್ಗಿಯಲ್ಲಿ. ಅದು ತಪ್ಪಾಯಿತು. ಊರಿನ ಗಂಡಸರೆಲ್ಲ ಮಾವು ಮಾರುವ ಮಂಡಿಯಲ್ಲಿ, ಇಲ್ಲವೇ ಯಲ್ದೂರು ಕಡೆಯ ತೋಟದಲ್ಲಿ. ನಾಟಕಕ್ಕೆ ಬಂದ ನಾಲ್ಕಾರು ಜನ ಬೆಂಚಿಗೊಬ್ಬರಂತೆ ಮಲಗಿ ನಿದ್ದೆ ಮಾಡಿದರು. ಇದು ಕೊನೆಯ ಕ್ಯಾಂಪು. ಯಜಮಾನರು ಕಿರೀಟದ ಪೆಟ್ಟಿಗೆಯ ಧೂಳು ಒರೆಸಿಟ್ಟರು. ರಾತ್ರಿ ಕನಸಿನಲ್ಲಿ ತಕ್ಕಡಿ ಕಾಣುತ್ತದೆ ಎಂದು ಅಮ್ಮಾವ್ರ ಹತ್ತಿರ ಹೇಳಿದರಂತೆ.

ಜನ ಬರದಿದ್ದರೆ ಜನರಿದ್ದಲ್ಲಿಗೆ ಹೋಗಬೇಕು. ಮಂಡಿಗೇ ಹೋಗಿ ಮೈಕು ಹಿಡಿದೆ. ವಿಶಾಲವಾದ ಡೇರೆ, ತಂಪಾದ ಗಾಳಿ, ಒಳ್ಳೆ ಬೆಂಚುಗಳು ಎಂದೆಲ್ಲ ಹೇಳಿದೆ. ಒಬ್ಬ ವ್ಯಾಪಾರಿ ಬಂದು ನನ್ನ ಕೈ ಹಿಡಿದು ಮೇಲೆ ಟವೆಲು ಹಾಕಿದ. ಮಂಡಿಯ ರೇಟು ಬಾಯಲ್ಲಿ ಆಡುವುದಿಲ್ಲ. ಟವೆಲಿನ ಕೆಳಗೆ ಬೆರಳು ಹಿಡಿದು ಹೇಳುತ್ತಾರೆ.

"ಎಲ್ಲಾ ಬೆಂಚೂ ನನಗೇ ಇರಲಿ" ಎಂದು ಬೆರಳು ಒತ್ತಿದ.

ಯಾವ ಬೆರಳಿಗೆ ಏನು ಲೆಕ್ಕ, ನನಗೆ ತಿಳಿಯದು. ತಲೆ ಆಡಿಸಿದೆ. ಓಡಿ ಹೋಗಿ ಯಜಮಾನರಿಗೆ ಹೇಳಿದೆ. ಅವರು ಹೊಸ ಮೀಸೆ ಅಂಟಿಸಿಕೊಂಡರು.

ಸಂಜೆ ಜನ ಬರಲಿಲ್ಲ. ಗಾಡಿ ತುಂಬ ಮಾವು ಬಂತು. ಹಿಂದೆ ಇನ್ನೊಂದು ಗಾಡಿ. ಕೂಲಿಯವರು ಬೆಂಚಿನ ಮೇಲೆ ಹುಲ್ಲು ಹಾಸಿ, ಕಾಯಿ ಸುರಿದು, ಮೇಲೆ ಹುಲ್ಲು ಮುಚ್ಚಿದರು. ವ್ಯಾಪಾರಿ ಡೇರೆಯನ್ನು ಒಮ್ಮೆ ಸುತ್ತಿ ನೋಡಿದ.

"ಹಣ್ಣಿಗೆ ಹಾಕೋಕೆ ಒಳ್ಳೆ ಜಾಗ ಸ್ವಾಮಿ. ನೀವು ನಿಮ್ಮ ಕೆಲಸ ಮಾಡ್ಕೊಳ್ಳಿ, ನಮ್ಮದೇನೂ ತೊಂದ್ರೆ ಇಲ್ಲ."

ಬೆಲ್ ಹೊಡೆದ ಮೇಲೆ ಆಟ ನಿಲ್ಲಿಸುವ ಪದ್ಧತಿ ಆ ಕಂಪನಿಯಲ್ಲಿ ಇಲ್ಲ. ಮಾವಿನಕಾಯಿಗಳ ಮುಂದೆ ಪೂರ್ತಿ ನಾಟಕ ಆಡಿದರು.

"ಹೇಗಿತ್ತು?" ಎಂದೆ.

"ಯಾರೂ ಎದ್ದು ಹೋಗ್ಲಿಲ್ಲ" ಎಂದರು ಯಜಮಾನರು.

ಶ್ರೀನಿವಾಸಪುರ: ಬಿಚ್ಚುವ ದಿನ

ವ್ಯಾಪಾರಿ ಹಣ್ಣಾದ ಮಾವು ಗಾಡಿಗೆ ತುಂಬಿಸಿಕೊಂಡು ಹೋದ ವಾರವೇ ಊರಿನ ಇನ್ನೊಂದು ತುದಿಗೆ ಟೂರಿಂಗ್ ಟಾಕೀಸು ಬಂತು. ಯಜಮಾನರು "ಸಾಕು" ಎಂದರು. ನಾನು ಪತ್ರಿಕೆಯಲ್ಲಿ "ಇದೇ ಕೊನೆಯ ಆಟ" ಎಂದು ದಪ್ಪ ಅಕ್ಷರದಲ್ಲಿ ಹಾಕಿದೆ. ಜನ ಓದಿದರು. "ಅಯ್ಯೋ ಪಾಪ" ಎಂದರು. ಬರಲಿಲ್ಲ.

ಮರುದಿನ ಡೇರೆ ಬಿಚ್ಚತೊಡಗಿದರು. ಮಧ್ಯಾಹ್ನ ಸಾಬರು ಬಂದು ಯಜಮಾನರ ಮುಂದೆ ಟೋಪಿ ತೆಗೆದು ನಿಂತರು.

"ಟಾಕೀಸಿನವ್ರು ಕರೀತಿದ್ದಾರೆ ಯಜಮಾನ್ರೆ. ಇವತ್ತು ಅವರ ಮೊದಲ್ನೇ ಆಟ. ಸಾರ್ಬೇಕಂತೆ. ಹೊಟ್ಟೆಪಾಡು."

"ಹೋಗಿ ಸಾಬರೇ. ನಮ್ಮಿಂದ ನಿಮಗೆ ಯಾಕೆ ಕಷ್ಟ" ಎಂದರು ಯಜಮಾನರು. ಸಾಬರು ಹೋಗುವಾಗ ಯಜಮಾನರು ಕುದುರೆಯ ಕಡೆ ಕೈ ಬೀಸಿದರು. ಬನಿಯನ್ನಿನಲ್ಲಿದ್ದರು. ಕುದುರೆ ನೋಡಲಿಲ್ಲ.

ನನಗೆ ಡೇರೆಯ ಹತ್ತಿರ ನಿಲ್ಲಲಾಗಲಿಲ್ಲ. ಮಂಡಿಯ ಹತ್ತಿರ ಹೋಗಿ ನಿಂತೆ. ಅಲ್ಲಿ ದಾರಿ ಕವಲಾಗುತ್ತದೆ. ಎಡಕ್ಕೆ ಟಾಕೀಸು, ಬಲಕ್ಕೆ ನಮ್ಮ ಡೇರೆ.

ಸಂಜೆ ಸಾಬರ ಜಟಕಾ ಬಂತು. ಪಕ್ಕದಲ್ಲಿ ಸಿನಿಮಾ ಬೋರ್ಡು, ಮುಂದೆ ಬ್ಯಾಂಡು, ಒಳಗೆ ಟೂರಿಂಗ್ ಟಾಕೀಸಿನ ಮ್ಯಾನೇಜರೇ ಮೈಕು ಹಿಡಿದು ಕೂತಿದ್ದ. ಹಿಂದೆ ರಸ್ತೆ ತುಂಬ ಜನ. ಅವತ್ತು ಮಂಡಿಯಲ್ಲಿ ಒಳ್ಳೆಯ ರೇಟು ಸಿಕ್ಕಿತ್ತು. ಯಲ್ದೂರಿನವರು ಹೆಂಡತಿ ಮಕ್ಕಳ ಸಮೇತ ಬಂದಿದ್ದರು. ಇಷ್ಟು ಜನ ಒಂದೇ ಒಂದು ದಿನ ನಮ್ಮ ಹಿಂದೆ ಬಂದಿದ್ದರೆ ಎಂದುಕೊಂಡೆ.

ಕವಲಿನಲ್ಲಿ ಕುದುರೆ ನಿಂತಿತು. ಎಡಗಡೆಯಿಂದ ಟಾಕೀಸಿನ ದೇವರ ಹಾಡು ಕೇಳಿತು. ಕುದುರೆ ಕಿವಿ ನಿಮಿರಿಸಿತು. ಆಮೇಲೆ ಬಲಕ್ಕೆ ತಿರುಗಿತು.

"ಏಯ್, ಈ ಕಡೆ, ಈ ಕಡೆ!" ಮ್ಯಾನೇಜರು ಮೈಕಿನಲ್ಲೇ ಕೂಗಿದ. ಮೈಕು ಕೂಗಿದಷ್ಟೂ ಕುದುರೆ ಜೋರಾಗಿ ನಡೆಯಿತು. ಅದಕ್ಕೆ ಕಲಿಸಿದ್ದೇ ಹಾಗೆ.

"ಲಗಾಮು ಎಳೀರಿ ಸಾಬರೇ!"

"ಎಳೀತಾ ಇದೀನಿ ಸಾಬ್!" ಸಾಬರು ಎಳೆಯುತ್ತಿದ್ದದ್ದು ನನಗೆ ಕಾಣಲಿಲ್ಲ.

ಬ್ಯಾಂಡಿನವರು ಕುದುರೆಯ ಹಿಂದೆ ತಿರುಗಿದರು. ಬ್ಯಾಂಡಿನ ಹಿಂದೆ ಜನ ತಿರುಗಿದರು. ನಾನೂ ಓಡಿದೆ.

ಡೇರೆಯ ಒಂದು ಪಕ್ಕದ ಪರದೆ ಬಿಚ್ಚಿ ಸುತ್ತಿಟ್ಟಿದ್ದರು. ಯಜಮಾನರು ಲುಂಗಿ ಎತ್ತಿ ಕಟ್ಟಿ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದರು. ಕುದುರೆ ಬಾಗಿಲಿಗೆ ಬಂದು ನಿಂತಿತು. ಅವರನ್ನು ನೋಡಿತು. ಗುರುತು ಸಿಗಲಿಲ್ಲ. ಅತ್ತಿತ್ತ ಹುಡುಕಿ ಜೋರಾಗಿ ಕೆನೆಯಿತು.

ಯಜಮಾನರು ಕುದುರೆಯನ್ನು ನೋಡಿದರು. ಅದರ ಹಿಂದಿನ ಜನರನ್ನು ನೋಡಿದರು. ಕಟ್ಟಿದ ಹಗ್ಗ ಬಿಚ್ಚಿದರು. ಪೆಟ್ಟಿಗೆಯಿಂದ ಕಿರೀಟ ತೆಗೆದು ತಲೆಗೆ ಇಟ್ಟುಕೊಂಡರು. ಲುಂಗಿ, ಬನಿಯನ್ನು, ಕಿರೀಟ. ಕೈಯಲ್ಲಿ ಬೆಲ್ಲ.

ಕುದುರೆ ತಿಂದಿತು. ಜನ ಚಪ್ಪಾಳೆ ತಟ್ಟಿದರು. ಕೆಲವರು ಆಗಲೇ ಒಳಗೆ ಹೋಗಿ ಬೆಂಚು ಹಿಡಿದಿದ್ದರು. ಒಬ್ಬ ತೋಟದವನು ನನ್ನನ್ನು ಕೇಳಿದ.

"ಪಿಚ್ಚರ್ ಇಲ್ಲೇನಾ ಸಾಮಿ? ಟಿಕೆಟ್ ಯಾರ್ ಕೊಡ್ತಾರೆ?"

ನಾನು ತಿರುಗಿ ನೋಡಿದೆ. ಅಮ್ಮಾವ್ರು ಅದಾಗಲೇ ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂತಿದ್ದರು.

ಟಾಕೀಸಿನ ಮ್ಯಾನೇಜರು ಜಟಕಾದಿಂದ ಇಳಿದು ಯಜಮಾನರ ಮುಂದೆ ಬಂದ. "ಇವರು ನಮ್ಮ ಜನ ರೀ!"

"ಇರಬಹುದು" ಎಂದರು ಯಜಮಾನರು. "ಕುದುರೇನ ಕೇಳಿ."

ಆತ ಕುದುರೆಯ ಲಗಾಮು ಹಿಡಿದು ಎಳೆದ. ಬೈದ. ಬೇಡಿಕೊಂಡ. ಕುದುರೆ ಬೆಲ್ಲ ಅಗಿಯುತ್ತ ನಿಂತಿತ್ತು. ಒಳಗೆ ಹಾರ್ಮೋನಿಯಂ ಶುರುವಾಯಿತು. ಪರದೆ ಕಟ್ಟಿರಲಿಲ್ಲವಾದ್ದರಿಂದ ಬದಿಯಲ್ಲಿ ನಿಂತವರಿಗೂ ಕಾಣುತ್ತಿತ್ತು. ಮ್ಯಾನೇಜರು ಮೊದಲನೇ ಅಂಕ ನಿಂತು ನೋಡಿದ. ಎರಡನೇ ಅಂಕಕ್ಕೆ ಕೂತ. ರಾಜ ಮಂಡಿಯೂರಿ ಏಳಲಾರದೆ ಹೋದಾಗ ಎಲ್ಲರಿಗಿಂತ ಮೊದಲು ಒನ್ಸ್ ಮೋರ್ ಎಂದವನು ಅವನೇ.

ಕಂಪನಿ ಮಾವಿನ ಸುಗ್ಗಿ ಮುಗಿಯುವವರೆಗೆ ಶ್ರೀನಿವಾಸಪುರದಲ್ಲಿತ್ತು. ತಮ್ಮನ ಅಂಗಡಿಯಲ್ಲಿ ಬೆಲ್ಲ ತೂಗಲು ಬೇರೆ ಯಾರನ್ನೋ ಇಟ್ಟುಕೊಂಡರು. ಟಾಕೀಸಿನವರು ಮರುದಿನದಿಂದ ಎತ್ತಿನ ಗಾಡಿಯಲ್ಲಿ ಸಾರಿದರು.